ಮಧ್ಯಾಹ್ನ ಎರಡು ಗಂಟೆಯ ರಾತ್ರಿ ಶಾಲೆ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡಿಗರ ಸಂಘದ ಒಂದು ತರಗತಿ ನಡೆಯುತ್ತದೆ. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ 2ರಿಂದ 4. ಎಲ್ಲರೂ ಅದನ್ನು ರಾತ್ರಿ ಶಾಲೆ ಎಂದೇ ಕರೆಯುತ್ತಾರೆ. ಕಲಿಯಲು ಬರುವ ಹೆಂಗಸರು ಕೂಡ "ರಾತ್ರಿ ಶಾಲೆಗೆ ಹೊತ್ತಾಯ್ತು" ಎನ್ನುತ್ತಾ ಪಾತ್ರೆ ಸಿಂಕಿನಲ್ಲೇ ಬಿಟ್ಟು ಓಡಿ ಬರುತ್ತಾರೆ. ಹೆಸರು ಹೇಗೆ ಉಳಿಯಿತು, ಹೊತ್ತು ಹೇಗೆ ಬದಲಾಯಿತು ಎಂಬುದೇ ಈ ಪ್ರಕರಣ.

ನಾನು ಈ ಸಂಘದ ಜೊತೆಕಾರ್ಯದರ್ಶಿ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ. ನನ್ನ ಅಪ್ಪ ಇದೇ ರಾತ್ರಿ ಶಾಲೆಯಲ್ಲಿ ಕಲಿತವರು. ಅಂದರೆ ನಾನು ದೂರ ನಿಂತು ಇದನ್ನು ನೋಡಿದವಳಲ್ಲ. ಓದುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಸಂಘದ ಹೆಸರನ್ನೂ ಜನರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಹಾಜರಿ ಪುಸ್ತಕದಲ್ಲಿ ಕಂಡದ್ದು

ಶಾಲೆ ಶುರುವಾದದ್ದು ಮುಂಬಯಿಯ ಫೋರ್ಟಿನಲ್ಲಿ, ಸ್ವಾತಂತ್ರ್ಯ ಬಂದ ಹೊಸದರಲ್ಲಿ. ಹಗಲು ಮುನಿಸಿಪಾಲಿಟಿ ಶಾಲೆ ನಡೆಯುವ ಕಟ್ಟಡದಲ್ಲಿ ಸಂಜೆ ಎರಡು ಕೋಣೆ ಬಾಡಿಗೆಗೆ ಸಿಕ್ಕಿದ್ದವು. ಆರೂವರೆಗೆ ಗಂಟೆ ಬಾರಿಸಿದರೆ ಒಂಬತ್ತರವರೆಗೆ ಪಾಠ. ಆಫೀಸುಗಳ ಕ್ಯಾಂಟೀನಿನಲ್ಲಿ, ಉಡುಪಿ ಹೋಟೆಲುಗಳಲ್ಲಿ ಕೆಲಸ ಮಾಡುವ ಹುಡುಗರು ಮೈಗೆ ಸಾಂಬಾರಿನ ವಾಸನೆ ಇಟ್ಟುಕೊಂಡೇ ಬಂದು ಕೂರುತ್ತಿದ್ದರು.

ಹಳೆಯ ಹಾಜರಿ ಪುಸ್ತಕಗಳನ್ನು ನಾನು ಒಂದೊಂದಾಗಿ ತೆರೆದು ನೋಡಿದ್ದೇನೆ. ಅದರಲ್ಲಿ ಉದ್ಯೋಗ ಬರೆಯುವ ಜಾಗವಿದೆ. ಕ್ಲೀನರ್, ಸಪ್ಲೈಯರ್, ದೋಸೆ ಭಟ್ಟರ ಸಹಾಯಕ. ಅದರ ಪಕ್ಕದಲ್ಲಿ ವಿಳಾಸ. ಸಾಲು ಸಾಲಾಗಿ ಹೋಟೆಲುಗಳ ಹೆಸರು. ಆ ಹುಡುಗರಿಗೆ ಮುಂಬಯಿಯಲ್ಲಿ ಬೇರೆ ವಿಳಾಸ ಇರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೇ ಮಲಗುತ್ತಿದ್ದರು.

ಅಪ್ಪ ಕುಂದಾಪುರ ಕಡೆಯವರು. 1960ರ ದಶಕದ ಕೊನೆಯಲ್ಲಿ ಆರನೇ ಕ್ಲಾಸು ಬಿಟ್ಟು ಇಲ್ಲಿಗೆ ಬಂದರು. ಮೋರಿಯಲ್ಲಿ, ಅಂದರೆ ಹೋಟೆಲಿನ ಪಾತ್ರೆ ತೊಳೆಯುವ ಜಾಗದಲ್ಲಿ, ತಟ್ಟೆ ತೊಳೆಯುವುದು ಮೊದಲ ಕೆಲಸ. ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬೀಳುತ್ತಿದ್ದ ದಿನಗಳು ಅವು. ಹತ್ತನೆಯದು ಪಾಸಾಗುವಾಗ ಅವರಿಗೆ ಇಪ್ಪತ್ತು ದಾಟಿತ್ತು. ಆಮೇಲೆ ಒಂದು ಬ್ಯಾಂಕಿನಲ್ಲಿ ಪ್ಯೂನ್ ಆಗಿ ಸೇರಿ ಕ್ಲರ್ಕ್ ಆಗಿ ನಿವೃತ್ತರಾದರು. ಸಂಘದ ಹಿರಿಯರಲ್ಲಿ ಹೆಚ್ಚಿನವರ ಕತೆ ಹೀಗೆಯೇ ಇದೆ.

ಪುಸ್ತಕಗಳನ್ನು ವರ್ಷದ ಪ್ರಕಾರ ಜೋಡಿಸಿದಾಗ ಹೊರಗಿನ ಲೋಕ ಬದಲಾದದ್ದು ಈ ಎರಡು ಅಂಕಣಗಳಲ್ಲೇ ಕಾಣುತ್ತದೆ. 1982ರ ಜನವರಿ 18ರಂದು ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಎಷ್ಟೋ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ನಮ್ಮ ಪುಸ್ತಕದಲ್ಲಿ ಆಮೇಲಿನ ವರ್ಷಗಳಲ್ಲಿ "ಮಿಲ್ ಕ್ಯಾಂಟೀನ್" ಎಂಬ ವಿಳಾಸ ಕಾಣಿಸುವುದಿಲ್ಲ. ಅತ್ತ ಊರೂ ಸುಮ್ಮನೆ ಕೂತಿರಲಿಲ್ಲ. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಡಿಕ್ಲರೇಶನ್ ಅರ್ಜಿ ಕೊಟ್ಟು ತಾವು ಉಳುತ್ತಿದ್ದ ಭೂಮಿ ಪಡೆದ ಒಕ್ಕಲುಗಳ ಮಕ್ಕಳು ಊರಲ್ಲೇ ಹೈಸ್ಕೂಲು ಮುಗಿಸತೊಡಗಿದರು. ಹನ್ನೆರಡು ವರ್ಷದ ಹುಡುಗನನ್ನು ಬೊಂಬಾಯಿ ಬಸ್ಸು ಹತ್ತಿಸುವುದು ಕಡಿಮೆಯಾಯಿತು. ಒಳ್ಳೆಯದೇ ಆಯಿತು, ಅಲ್ವಾ? ಆದರೆ ಅದೇ ಒಳ್ಳೆಯದು ನಮ್ಮ ಶಾಲೆಯನ್ನು ಖಾಲಿ ಮಾಡಿತು. ಕೊನೆಯ ಪುಸ್ತಕದಲ್ಲಿ ಹನ್ನೊಂದು ಹೆಸರುಗಳಿವೆ. ದಿನಾ ಬರುತ್ತಿದ್ದವರು ನಾಲ್ಕು ಮಂದಿ.

ಸದಸ್ಯರೂ ಫೋರ್ಟ್, ಗಿರ್ಗಾಂವ್ ಬಿಟ್ಟು ದೂರ ಹೋಗಿದ್ದರು. ಡೊಂಬಿವಲಿ, ಮೀರಾ ರೋಡ್, ವಸಾಯಿ. ಅವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಆದರೂ ಸಂಘದ ಖರ್ಚಿನಲ್ಲಿ ದೊಡ್ಡ ಪಾಲು ಫೋರ್ಟಿನ ಆ ಎರಡು ಕೋಣೆಗಳಿಗೇ ಹೋಗುತ್ತಿತ್ತು.

ಮೊದಲ ಪ್ರಯತ್ನ, ನಮ್ಮ ತಪ್ಪು

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲು ನಾವು ಕೆಲವು ಕಿರಿಯ ಸದಸ್ಯರು ಮಹಾಸಭೆಯಲ್ಲಿ ಒಂದು ಠರಾವು ತಂದೆವು. ರಾತ್ರಿ ಶಾಲೆ ಮುಚ್ಚೋಣ, ಆ ಹಣವನ್ನು ಕಾಲೇಜು ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಡೋಣ ಎಂದು. ಪ್ರೊಜೆಕ್ಟರ್ ತಂದು ಗೋಡೆಯ ಮೇಲೆ ವಿದ್ಯಾರ್ಥಿಗಳ ಸಂಖ್ಯೆಯ ಗೆರೆ ಇಳಿಯುವುದನ್ನು ತೋರಿಸಿದೆ. ಒಬ್ಬ ವಿದ್ಯಾರ್ಥಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದೆ. ಅಷ್ಟು ಸ್ಪಷ್ಟವಾದ ಲೆಕ್ಕದ ಮುಂದೆ ಯಾರು ಏನು ಹೇಳಿಯಾರು ಎಂದುಕೊಂಡಿದ್ದೆ.

ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಎದ್ದು ನಿಂತರು. "ನನಗೆ ಸಹಿ ಹಾಕಲು ಕಲಿಸಿದ ಜಾಗ ಅದು. ಅದನ್ನು ಮುಚ್ಚಲು ನನ್ನ ಸಹಿ ಕೇಳ್ತೀರಾ?" ಎಂದರು. ಸಭೆ ಸ್ತಬ್ಧವಾಯಿತು. ಠರಾವು ಬಿದ್ದುಹೋಯಿತು. ವಿರೋಧವಾಗಿ ಎದ್ದ ಕೈಗಳಲ್ಲಿ ಅಪ್ಪನದೂ ಇತ್ತು.

ವಾಪಸು ಬರುವಾಗ ಲೋಕಲ್ಲಿನಲ್ಲಿ ಕುರ್ಲಾ ದಾಟುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆ ನೋಡುತ್ತಾ ಹೇಳಿದರು: "ನೀ ಹೇಳಿದ ಲೆಕ್ಕ ಸರಿ ಮಗಾ. ಆದ್ರೆ ಅದ್ರಲ್ಲಿ ನಾವಿಲ್ಲ."

ಆ ಮಾತು ನನಗೆ ಆಗ ಸಿಟ್ಟು ತಂದಿತು. ಕಾಲೇಜಿನಲ್ಲಿ ಕಲಿತದ್ದನ್ನು ಅವರ ಮೇಲೆ ಹೇರಿ ಸಮಾಧಾನ ಮಾಡಿಕೊಂಡೆ. ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಆಗ್‌ಬರ್ನ್ 1922ರಲ್ಲಿ ಹೇಳಿದ್ದ ಸಾಂಸ್ಕೃತಿಕ ಹಿಂಬೀಳಿಕೆ ಇದೇ ಎಂದುಕೊಂಡೆ. ಯಂತ್ರ, ರಸ್ತೆ, ಕೆಲಸ ಬೇಗ ಬದಲಾಗುತ್ತವೆ. ರೂಢಿ, ನಂಬಿಕೆ, ಸಂಸ್ಥೆಗಳು ನಿಧಾನವಾಗಿ ಹಿಂದೆ ಬರುತ್ತವೆ. ನಡುವಿನ ಆ ಅಂತರದಲ್ಲಿ ತೊಂದರೆ ಹುಟ್ಟುತ್ತದೆ. ನಮ್ಮ ಹಿರಿಯರು ಹಿಂದೆ ಬಿದ್ದಿದ್ದಾರೆ, ಅಷ್ಟೇ ಎಂದು ತೀರ್ಮಾನಿಸಿದೆ.

ಆಗ್‌ಬರ್ನ್ ಹೇಳಿದ್ದು ಸುಳ್ಳಲ್ಲ. ನಮ್ಮ ಶಾಲೆ ನಿಜಕ್ಕೂ ಹಿಂದೆ ಬಿದ್ದಿತ್ತು. ಆದರೆ ಈ ಸಿದ್ಧಾಂತದಲ್ಲಿ ಒಂದು ಅಪಾಯವಿದೆ. "ಹಿಂದೆ" ಎಂದ ಕೂಡಲೇ ಮುಂದೆ ಇರುವವನು ತಾನೇ ಎಂದು ಹೇಳುವವನಿಗೆ ಅನ್ನಿಸಿಬಿಡುತ್ತದೆ. ಎದುರಿಗಿರುವವನು ಯಾಕೆ ನಿಂತಿದ್ದಾನೆ ಎಂದು ಕೇಳುವುದು ಮರೆತೇ ಹೋಗುತ್ತದೆ.

ಮನೋವಿಜ್ಞಾನಿ ಕುರ್ಟ್ ಲೆವಿನ್ ಅವರನ್ನು ಮತ್ತೆ ಓದಿದ್ದು ನನ್ನನ್ನು ಸ್ವಲ್ಪ ತಿದ್ದಿತು. ಅವರು 1890ರಲ್ಲಿ ಹುಟ್ಟಿ 1947ರಲ್ಲಿ ತೀರಿಕೊಂಡರು. ಹಳೆಯದನ್ನು ಕರಗಿಸುವುದು, ಬದಲಿಸುವುದು, ಮತ್ತೆ ಗಟ್ಟಿ ಮಾಡುವುದು ಎಂಬ ಮೂರು ಹಂತ ಎಲ್ಲರಿಗೂ ಗೊತ್ತಿದೆ. ನನಗೆ ಬೇಕಾದದ್ದು ಅವರ ಇನ್ನೊಂದು ಮಾತಾಗಿತ್ತು. ಯಾವುದೇ ರೂಢಿ ಎರಡು ಬಗೆಯ ಒತ್ತಡಗಳ ನಡುವೆ ನಿಂತಿರುತ್ತದೆ. ಕೆಲವು ಅದನ್ನು ಮುಂದಕ್ಕೆ ದೂಡುತ್ತವೆ, ಕೆಲವು ತಡೆಯುತ್ತವೆ. ದೂಡುವ ಕಡೆ ಬಲ ಹೆಚ್ಚಿಸಿದರೆ ಬದಲಾವಣೆ ಆಗಬಹುದು, ಆದರೆ ಬಿಗಿತವೂ ಏರುತ್ತದೆ. ತಡೆಯನ್ನು ಸಡಿಲಿಸಿದರೆ ಬಿಗಿತವಿಲ್ಲದೆ ಸರಿಯುತ್ತದೆ. ನಾವು ಮಹಾಸಭೆಯಲ್ಲಿ ಬರೀ ದೂಡಿದ್ದೆವು. ತಡೆ ಏನು ಎಂದು ಯಾರನ್ನೂ ಕೇಳಿರಲಿಲ್ಲ.

ಲೆವಿನ್ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮಾಡಿದ ಒಂದು ಪ್ರಯೋಗವೂ ಇದೆ. ಅಮೆರಿಕದಲ್ಲಿ ಮಾಂಸದ ಕೊರತೆ ಇತ್ತು. ದನದ ಹೃದಯ, ಮೂತ್ರಪಿಂಡದಂಥ ಭಾಗಗಳನ್ನು ಅಡುಗೆಗೆ ಬಳಸುವಂತೆ ಗೃಹಿಣಿಯರನ್ನು ಒಪ್ಪಿಸಬೇಕಿತ್ತು. ಕೆಲವು ಗುಂಪುಗಳಿಗೆ ಒಳ್ಳೆಯ ಭಾಷಣ ಮಾಡಿದರು. ಕೆಲವು ಗುಂಪುಗಳನ್ನು ಕೂರಿಸಿ ತಮ್ಮಲ್ಲೇ ಚರ್ಚಿಸಿ ತೀರ್ಮಾನಿಸಲು ಬಿಟ್ಟರು. ಭಾಷಣ ಕೇಳಿದವರಲ್ಲಿ ಶೇಕಡಾ 3 ಮಂದಿ ಆ ಅಡುಗೆ ಮಾಡಿದರು. ಚರ್ಚಿಸಿದವರಲ್ಲಿ ಶೇಕಡಾ 32. ನನ್ನ ಪ್ರೊಜೆಕ್ಟರ್ ಭಾಷಣವೇ ಆಗಿತ್ತು.

ಮನೆ ಮನೆ ಭೇಟಿ

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಲೋಕಲ್ ನಿಂತಿತು. ಫೋರ್ಟಿನ ಕೋಣೆಗಳಿಗೆ ಬೀಗ ಬಿತ್ತು. ಮತ್ತೆ ಎಲ್ಲ ತೆರೆದಾಗ ನಮ್ಮ ಶಾಲೆಗೆ ಮರಳಿ ಬರುವ ವಿದ್ಯಾರ್ಥಿಗಳೇ ಇರಲಿಲ್ಲ. ಠರಾವಿಲ್ಲದೆ, ಮತವಿಲ್ಲದೆ ಶಾಲೆ ಮುಚ್ಚಿತ್ತು. ನಾವು ಗೆದ್ದೆವು ಎಂದು ಯಾರಿಗೂ ಅನ್ನಿಸಲಿಲ್ಲ. ಇಬ್ಬರು ಹಿರಿಯರು ಆ ಅಲೆಯಲ್ಲಿ ತೀರಿಕೊಂಡಿದ್ದರು.

ಹಾಜರಿ ಪುಸ್ತಕಗಳು ನಮ್ಮ ಮನೆಗೆ ಬಂದದ್ದು ಆಗ. ಅಪ್ಪ ತಮ್ಮ ಪುಟ ಹುಡುಕಿ ತೆಗೆದರು. ಅದನ್ನು ನೋಡುತ್ತಾ ಕೂತ ಅವರ ಮುಖ ಕಂಡ ಮೇಲೆ ನನಗೆ ಒಂದು ಯೋಚನೆ ಬಂತು. ಒಬ್ಬೊಬ್ಬ ಹಿರಿಯರ ಪುಟವನ್ನೂ ಜೆರಾಕ್ಸ್ ಮಾಡಿಸಿ ಅವರವರ ಮನೆಗೆ ಹೋದೆ. ಒಂದೇ ಪ್ರಶ್ನೆ ಕೇಳಿದೆ: ಶಾಲೆ ಹೋದರೆ ನಿಮಗೆ ಏನು ಹೋಗುತ್ತದೆ?

ಒಬ್ಬರು, ಕಟ್ಟಡ ನಿಧಿಗೆ ನನ್ನ ಮೊದಲ ತಿಂಗಳ ಸಂಬಳ ಕೊಟ್ಟಿದ್ದೆ, ಅದು ಎಲ್ಲಿಗೆ ಹೋಗುತ್ತದೆ ಎಂದರು. ಇನ್ನೊಬ್ಬರು ಸ್ಥಾಪಕರ ಫೋಟೊ ಎಲ್ಲಿ ಇಡ್ತೀರಿ ಎಂದರು. ಮತ್ತೊಬ್ಬರು ಹೆಂಡತಿ ಒಳಗೆ ಹೋಗುವವರೆಗೆ ಕಾದು ಮೆಲ್ಲಗೆ ಹೇಳಿದರು: "ನಾನು ಮೋರಿಯಲ್ಲಿದ್ದದ್ದು ಇವಳಿಗೂ ಮಕ್ಕಳಿಗೂ ಗೊತ್ತಿಲ್ಲ. ಆ ಕೋಣೆಗೆ ಗೊತ್ತು. ಅಲ್ಲಿ ಹೋಗಿ ಕೂತರೆ ನಾನು ಯಾರು ಅಂತ ಹೇಳಬೇಕಾಗಿಲ್ಲ."

ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ಸಂಸ್ಥೆಗಳ ಕೆಲಸವನ್ನು ಎರಡಾಗಿ ನೋಡಿದರು. ಎಲ್ಲರೂ ಒಪ್ಪಿ ಹೇಳುವ, ಕಣ್ಣಿಗೆ ಕಾಣುವ ಕೆಲಸ ಒಂದು. ಯಾರೂ ಹೇಳದ, ಒಳಗೇ ನಡೆಯುವ ಕೆಲಸ ಇನ್ನೊಂದು. ನಮ್ಮ ಶಾಲೆಯ ಕಾಣುವ ಕೆಲಸ ಹತ್ತನೆಯದು ಪಾಸು ಮಾಡಿಸುವುದು. ಒಳಗಿನ ಕೆಲಸ ಬೇರೆ. ಊರು ಬಿಟ್ಟ ಹುಡುಗನಿಗೆ ದಿನಕ್ಕೆ ಎರಡೂವರೆ ಗಂಟೆ ತನ್ನ ಮಾತು ಸಿಗುತ್ತಿತ್ತು. ಬೇರೆ ಹೋಟೆಲಿನಲ್ಲಿ ಜಾಗ ಖಾಲಿ ಇದೆ ಎಂಬ ಸುದ್ದಿ ಸಿಗುತ್ತಿತ್ತು. ಊರಿಗೆ ಹಣ ಕಳಿಸಲು ನಂಬುವ ಕೈ ಸಿಗುತ್ತಿತ್ತು. ವಯಸ್ಸಾದ ಮೇಲೆ, ತಾನು ದಾಟಿ ಬಂದ ದಾರಿಗೆ ಒಂದು ಸಾಕ್ಷಿ. ವಿದ್ಯಾರ್ಥಿಗಳು ಇಲ್ಲವಾದಾಗ ಕಾಣುವ ಕೆಲಸ ನಿಂತಿತು. ಒಳಗಿನ ಕೆಲಸ ಈ ಮುದುಕರಿಗಾಗಿ ಇನ್ನೂ ನಡೆಯುತ್ತಲೇ ಇತ್ತು. ನನ್ನ ಲೆಕ್ಕದಲ್ಲಿ "ನಾವಿಲ್ಲ" ಎಂದು ಅಪ್ಪ ಹೇಳಿದ್ದು ಇದನ್ನೇ.

ಈ ಪ್ರಕರಣ ತಿರುಗಿದ್ದು ಐದನೆಯದೋ ಆರನೆಯದೋ ಮನೆಯಲ್ಲಿ. ಅದು ಮಹಾಸಭೆಯಲ್ಲಿ ಸಹಿಯ ಮಾತಾಡಿದ ಹಿರಿಯರ ಮನೆ. ನಾವು ಪುಟ ನೋಡುತ್ತಿದ್ದಾಗ ಅವರ ಸೊಸೆ ಚಹಾ ತಂದಿಟ್ಟಳು. ಹೋಗದೆ ಅಲ್ಲೇ ನಿಂತಳು. "ಅಕ್ಕಾ, ಹೆಂಗಸರಿಗೂ ಆ ಶಾಲೆ ಇತ್ತಾ?" ಎಂದು ಕೇಳಿದಳು. ಯಾಕಮ್ಮ ಎಂದೆ. ಒಂಬತ್ತನೆಯದಕ್ಕೇ ಬಿಡಿಸಿ ಮದುವೆ ಮಾಡಿದರು, ಮಗನಿಗೆ ಈಗ ಎಂಟನೇ ಕ್ಲಾಸು, ಮುಂದಿನ ವರ್ಷ ಅವನು ತನ್ನನ್ನು ದಾಟಿ ಹೋಗುತ್ತಾನೆ ಎಂದಳು.

ಮಾವ ಅವಳನ್ನೇ ನೋಡುತ್ತಿದ್ದರು. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ಎಷ್ಟು ಓದಿದ್ದಾಳೆ ಎಂದು ಅವರು ಕೇಳಿರಲಿಲ್ಲ. ಓದು ಅರ್ಧಕ್ಕೆ ನಿಂತರೆ ಹೇಗಿರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ನಾಳೆ ನಾನೇ ಫೋನ್ ಮಾಡ್ತೇನೆ" ಎಂದಷ್ಟೇ ನನಗೆ ಹೇಳಿದರು.

ಮಹಾರಾಷ್ಟ್ರದಲ್ಲಿ 17 ನಂಬರಿನ ಫಾರಂ ತುಂಬಿ ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕೂರಬಹುದು. ಅದಕ್ಕೆ ಕೊನೆಗೆ ಓದಿದ ಶಾಲೆಯ ಟಿಸಿ ಬೇಕು. ಅಲ್ಲೇ ಕಷ್ಟ. ಟಿಸಿಯಲ್ಲಿ ಅಪ್ಪನ ಮನೆಯ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು. ಊರಿನ ಶಾಲೆಯಲ್ಲಿ ಹಳೆಯ ದಾಖಲೆ ಹುಡುಕಿ ಕೊಡುವವರಿಲ್ಲ. ಫೋನಿನಲ್ಲಿ ಕೇಳಿದರೆ "ಬನ್ನಿ, ನೋಡೋಣ" ಎನ್ನುತ್ತಾರೆ. ಮಕ್ಕಳನ್ನು ಬಿಟ್ಟು ಅವಳಂಥ ಹೆಂಗಸರು ಊರಿಗೆ ಹೋಗುವುದು ಹೇಗೆ?

ಹೋದವರು ನಮ್ಮ ಹಿರಿಯರು. ಆ ಮಾವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಬೈಂದೂರು ಕಡೆಯ ಶಾಲೆಗೆ ಹೋಗಿ ಎರಡು ದಿನ ಕೂತು ಸೊಸೆಯ ಟಿಸಿ ತಂದರು. ಅಪ್ಪ ಇನ್ನೊಬ್ಬಳಿಗಾಗಿ ಕಲಬುರಗಿ ಕಡೆ ಹೋದರು. ಆ ಭಾಗದ ಊರನ್ನು ಅವರು ನೋಡಿದ್ದು ಅದೇ ಮೊದಲು. ಅಫಿಡವಿಟ್ ಮಾಡಿಸುವುದು, ನೋಟರಿ ಬಳಿ ಹೋಗುವುದು, ಎಲ್ಲ ಅವರೇ. ಶಾಲೆ ಮುಚ್ಚಬಾರದು ಎಂದು ಕೈ ಎತ್ತಿದ್ದವರೇ ಹೊಸ ಶಾಲೆಯನ್ನು ಹೊತ್ತು ತಂದರು. ತಡೆಯಾಗಿದ್ದದ್ದು ಹಳೆಯ ಶಾಲೆಯ ಋಣವೇ. ಅದಕ್ಕೆ ಹೋಗಲು ದಾರಿ ಸಿಕ್ಕಿದಾಗ ಅದೇ ಬಲವಾಯಿತು.

ವೇಳೆಯನ್ನು ಕಮಿಟಿ ನಿರ್ಧರಿಸಲಿಲ್ಲ. ಒಂದು ಹೌಸಿಂಗ್ ಸೊಸೈಟಿಯ ಸಣ್ಣ ಹಾಲಿನಲ್ಲಿ ಹೆಂಗಸರನ್ನೇ ಕೂರಿಸಿ ಕೇಳಿದೆವು. ನಾನು ಸಂಜೆ ಏಳು ಎಂದುಕೊಂಡಿದ್ದೆ. ಏಳಕ್ಕೆ ಚಪಾತಿ ಯಾರು ಮಾಡುತ್ತಾರೆ ಎಂದು ನಕ್ಕರು. 2ರಿಂದ 4 ಅವರದೇ ತೀರ್ಮಾನ. ಸ್ಥಾಪಕರ ಫೋಟೊ ಆ ಹಾಲಿನ ಗೋಡೆಗೆ ಬಂತು. ಫೋರ್ಟಿನ ಗಂಟೆಯೂ ಬಂತು. ಹೆಸರು ಬದಲಿಸಬೇಕಾ ಎಂದು ಒಬ್ಬರು ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ರಾತ್ರಿ ಶಾಲೆ ಎಂದೇ ಉಳಿಯಿತು.

ಇದು ಯಾವ ಬಗೆಯ ಬದಲಾವಣೆ?

ಎವರೆಟ್ ರೋಜರ್ಸ್ 1962ರಲ್ಲಿ ಹೊಸತು ಹೇಗೆ ಹರಡುತ್ತದೆ ಎಂದು ವಿವರಿಸಿದರು. ಹೊಸದನ್ನು ಮೊದಲು ಹಿಡಿಯುವವರು ಜನರಲ್ಲಿ ಶೇಕಡಾ 2.5, ಅವರ ಹಿಂದೆ ಬರುವವರು ಶೇಕಡಾ 13.5, ಹೀಗೆ. ಬೇಗ ಒಪ್ಪಿಕೊಳ್ಳುವವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಸ್ಥಾನಮಾನ ಇದ್ದವರು ಎಂದರು. ನಮ್ಮಲ್ಲಿ ತಿರುವು ತಂದವಳು ಸಂಘದ ಸದಸ್ಯಳೂ ಅಲ್ಲ. ಚಹಾ ತಂದವಳು. ಹಾಗಾಗಿ ಈ ಚೌಕಟ್ಟು ಇಲ್ಲಿ ಅಷ್ಟು ಕೂರುವುದಿಲ್ಲ.

ಸಂಸ್ಥೆಗಳ ಬದಲಾವಣೆಯ ಬಗ್ಗೆ ಬರೆದ ವಾನ್ ಡಿ ವೆನ್ ಮತ್ತು ಪೂಲ್ 1995ರಲ್ಲಿ ನಾಲ್ಕು ಚಾಲಕ ಶಕ್ತಿಗಳನ್ನು ಗುರುತಿಸಿದರು. ಹುಟ್ಟಿ ಬೆಳೆದು ಮುಪ್ಪಾಗುವುದು, ಗುರಿ ಇಟ್ಟು ನಡೆಯುವುದು, ಎದುರಾಳಿಗಳ ತಿಕ್ಕಾಟ, ಸ್ಪರ್ಧೆಯಲ್ಲಿ ಉಳಿಯುವುದು. ಫೋರ್ಟಿನ ಶಾಲೆಗೆ ಮುಪ್ಪು ಬಂದಿತ್ತು, ನಿಜ. ನಮ್ಮ ಠರಾವು ಗುರಿಯ ದಾರಿ ಹಿಡಿಯಿತು, ಸೋತಿತು. ತಿಕ್ಕಾಟ ಶುರುವಾದದ್ದು ಆಮೇಲೆ.

ಅದು ಸದಸ್ಯತ್ವದ ಜಗಳ. ನಮ್ಮ ನಿಯಮದಲ್ಲಿ ಕುಟುಂಬಕ್ಕೆ ಒಂದೇ ಸದಸ್ಯತ್ವ, ಒಂದೇ ಮತ. ಅದು ಗಂಡಸಿನ ಹೆಸರಲ್ಲೇ ಇರುತ್ತಿತ್ತು. ಮೊದಲ ತಂಡದಲ್ಲಿ ಐದು ಮಂದಿ ಪರೀಕ್ಷೆಗೆ ಕೂತರು. ನಾಲ್ವರು ಪಾಸಾದರು. ಒಬ್ಬಳು ಗಣಿತದಲ್ಲಿ ಫೇಲಾಗಿ ಮುಂದಿನ ಸಲ ಪಾಸಾದಳು. ಆ ವರ್ಷದ ಮಹಾಸಭೆಗೆ ಅವರು ಬಂದರು, ಮತ ಇಲ್ಲ ಎಂದು ಗೊತ್ತಾಯಿತು. "ಶಾಲೆ ನಮ್ಮದು, ಸಂಘ ನಮ್ಮದಲ್ವಾ?" ಎಂದು ಕೇಳಿದರು. ಟಿಸಿಗಾಗಿ ಊರೂರು ಅಲೆದವರಲ್ಲೂ ಇಬ್ಬರು ಇದಕ್ಕೆ ಸಿಟ್ಟಾದರು. ಕಲಿಸುವುದು ಬೇರೆ, ಕುರ್ಚಿ ಕೊಡುವುದು ಬೇರೆ ಎಂದರು. ಅವರು ಈಗ ಸಭೆಗೆ ಬರುತ್ತಿಲ್ಲ. ಅದು ನನಗೆ ನೋವಿನ ವಿಷಯ. ಅವರ ಮನೆಗೆ ಎರಡು ಸಲ ಹೋಗಿದ್ದೇನೆ, ಇನ್ನೂ ಹೋಗುತ್ತೇನೆ.

ಇಲ್ಲಿ ನನಗೆ ನೆನಪಾಗುವವರು ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬಿ.ಎ. ಅಲ್ಲೇ ಮುಗಿಸಿ, ಮುಂದಿನ ಓದಿಗೆ ಬಂದದ್ದು ಮುಂಬಯಿಗೆ. 1919ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಶುರುವಾದ ಸಮಾಜಶಾಸ್ತ್ರ ವಿಭಾಗದಲ್ಲಿ ಜಿ. ಎಸ್. ಘುರ್ಯೆ ಅವರ ಕೈಕೆಳಗೆ ಕಲಿತರು. ಸಂಸ್ಕೃತೀಕರಣದ ಬಗ್ಗೆ ಬರೆಯುವಾಗ ಅವರು ಒಂದು ಮುಖ್ಯ ಭೇದ ತೋರಿಸಿದರು. ಒಂದು ಜಾತಿ ಮೇಲಿನವರ ಆಚಾರ ಹಿಡಿದು ಒಂದು ಮೆಟ್ಟಿಲು ಏರಬಹುದು. ಅಲ್ಲಿ ಸ್ಥಾನ ಬದಲಾಯಿತೇ ಹೊರತು ಏಣಿ ಬದಲಾಗಲಿಲ್ಲ. ಜಾತಿಯ ಬಗ್ಗೆ ಹೇಳಿದ ಮಾತದು. ಸಂಘಕ್ಕೆ ಅನ್ವಯಿಸುವುದು ನನ್ನ ಸ್ವಾತಂತ್ರ್ಯ. ನಾಲ್ಕು ಮಂದಿ ಹತ್ತನೆಯದು ಪಾಸಾದದ್ದು ಸ್ಥಾನದ ಬದಲಾವಣೆ. ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕುಟುಂಬದ ಬದಲು ವ್ಯಕ್ತಿಗೆ ಮತ ಎಂಬುದು ಏಣಿಯ ಮಾತು. ಅಲ್ಲಿ ಚಪ್ಪಾಳೆ ನಿಂತಿತು.

ನಿಯಮ ಕೊನೆಗೂ ಬದಲಾಯಿತು, ಎರಡನೆಯ ಸಭೆಯಲ್ಲಿ. ಅಪ್ಪ ಈ ಸಲ ಪರವಾಗಿ ಕೈ ಎತ್ತಿದರು. ಗಣಿತದಲ್ಲಿ ಫೇಲಾಗಿದ್ದವಳೇ ಈಗ ನಮ್ಮ ಟ್ರಸ್ಟಿ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯ ಪ್ರಕಾರ ಟ್ರಸ್ಟಿ ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ತಿಳಿಸಬೇಕು. ಅದಕ್ಕೆ ಚೇಂಜ್ ರಿಪೋರ್ಟ್ ಎನ್ನುತ್ತಾರೆ. ನಾನೇ ತುಂಬಿದೆ. ಹಳೆಯ ಟ್ರಸ್ಟಿ ನಿಧನ, ಹೊಸ ಟ್ರಸ್ಟಿ ನೇಮಕ. ಅಷ್ಟೇ ಬರೆದೆ.

ಈಗಿರುವ ಪ್ರಶ್ನೆ

ಫೋರ್ಟಿನ ನಿಧಿಯಲ್ಲಿ ಇನ್ನೂ ಹಣವಿದೆ. ಅದನ್ನು ಏನು ಮಾಡಬೇಕು ಎಂಬ ಚರ್ಚೆ ನಡೆದಿದೆ. ಕಿರಿಯರು ಕಂಪ್ಯೂಟರ್ ಎನ್ನುತ್ತಾರೆ. ಹೆಂಗಸರು ಹನ್ನೆರಡನೆಯದಕ್ಕೂ ತರಗತಿ ಬೇಕು ಎನ್ನುತ್ತಾರೆ.

ಅಪ್ಪ ಬೇರೆಯೇ ಮಾತು ತಂದಿದ್ದಾರೆ. ಬೆಳಿಗ್ಗೆ ನಡೆದು ಬರುವಾಗ ಅವರು ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾರೆ. ಗಲ್ಲೆಯಲ್ಲಿ ಕೂರುವವರು ನಮ್ಮ ಕಡೆಯವರು. ತಟ್ಟೆ ಎತ್ತುವ ಹುಡುಗರು ಒಡಿಶಾ, ಬಂಗಾಳ, ನೇಪಾಳದವರು. ಮೇಜು ಒರೆಸುತ್ತಿದ್ದ ಒಬ್ಬ ಹುಡುಗನನ್ನು, ಹತ್ತೊಂಬತ್ತು ಇರಬಹುದು, ಎಷ್ಟನೇ ಕ್ಲಾಸು ಓದಿದ್ದಿ ಎಂದು ಹಿಂದಿಯಲ್ಲಿ ಕೇಳಿದರಂತೆ. ಏಳನೆಯದು ಎಂದನಂತೆ. ಮುಂದೆ ಓದ್ತೀಯಾ ಎಂದರಂತೆ. ಅವನು ಒರೆಸುವುದನ್ನು ನಿಲ್ಲಿಸಿ ಯಾವ ಹೊತ್ತಿಗೆ ಎಂದು ಕೇಳಿದನಂತೆ.

ಅವನಿಗೆ ಕನ್ನಡ ಬರುವುದಿಲ್ಲ. ನಮ್ಮ ನಿಯಮದಲ್ಲಿ ಸಂಘ ಕನ್ನಡಿಗರಿಗಾಗಿ ಎಂದು ಬರೆದಿದೆ. ನಾನು ಅದನ್ನು ಹೇಳಿದೆ. ಅಪ್ಪ ಕಿಸೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟರು. ಕಾಫಿ ಬಿಲ್ಲಿನ ಹಿಂದೆ ಹುಡುಗನ ಹೆಸರು, ವಯಸ್ಸು, ಓದು ಬರೆದಿದ್ದರು. ಕೆಳಗೆ ವಿಳಾಸ ಎಂದು ಬರೆದು, ಅದರ ಮುಂದೆ ಆ ಹೋಟೆಲಿನ ಹೆಸರು.